ಇಬ್ಬರೂ ಉದ್ದ

ಆಗಸ್ಟ್ 29, ಗುರುವಾರ

ಸ್ಕೂಲ್ ಬಸ್ ತೊಳೆದು ನಿಲ್ಲಿಸಿದೆ. ಫೋನ್ ಎದುರಿಗೇ ಇಟ್ಟುಕೊಂಡಿದ್ದೆ, ಜೀವವೆಲ್ಲ ಅದರ ಮೇಲೆ. ನಮ್ಮ ಆಸ್ಟ್ರೇಲಿಯನ್ ಫುಟ್ಬಾಲ್ ಕ್ಲಬ್ಬಿನ ಪದ್ಧತಿ ಹಾಗೆ — ತಂಡದಿಂದ ಕೈಬಿಟ್ಟವನಿಗೆ ಗುರುವಾರ ಪ್ರಾಕ್ಟೀಸಿಗೆ ಮೊದಲೇ ಕೋಚ್ ಫೋನ್ ಮಾಡ್ತಾನೆ. ರಾತ್ರಿ ಊಟದ ಹೊತ್ತಿಗೆ ಎಲ್ಲರೆದುರು ಹೆಸರು ಓದುವಾಗ ಅವನ ಮುಖಭಂಗ ಆಗದಿರಲಿ ಅಂತ. ಫೋನ್ ಬರಲಿಲ್ಲ ಅಂದ್ರೆ ಶನಿವಾರ ಆಡ್ತೀಯ.

ಬರಲಿಲ್ಲ. ಸದ್ಯ.

ಆದರೆ ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್ ಡೆಸ್ ನನ್ನ ಹೆಗಲ ಮೇಲೆ ಕೈ ಹಾಕಿದ. ಕೋಚ್ ಹೆಗಲ ಮೇಲೆ ಕೈ ಹಾಕಿದ ಅಂದ್ರೆ ಏನೋ ಇದೆ. ಹೊಸ ಹುಡುಗ ಕೀಗನ್‌ಗೆ ಸ್ವಲ್ಪ ರಕ್ ಕೆಲಸ, ಅಂದ್ರೆ ನನ್ನ ಕೆಲಸ, ಹೇಳಿಕೊಡಬೇಕಂತೆ. ನನಗೂ ನಡುವೆ ಉಸಿರಾಡೋಕೆ ಬಿಡುವು ಸಿಗುತ್ತಂತೆ.

ಬಿಡುವಂತೆ! ಬಿಡುವು ಕೇಳಿದವರು ಯಾರು?

ಸೆಪ್ಟೆಂಬರ್ 3, ಮಂಗಳವಾರ

ಕೀಗನ್ ಈ ವರ್ಷ ಬಂದವನು. ಟೈರ್ ಅಂಗಡಿ ಕೆಲಸ, ವಯಸ್ಸು ಇಪ್ಪತ್ಮೂರು, ನನಗಿಂತ ಎರಡು ಬೆರಳು ಎತ್ತರ. ಫಾರ್ವರ್ಡ್. ಗೋಲ್ ಮುಂದೆ ನಿಂತು ಬಂದ ಚೆಂಡು ಹಿಡಿಯೋದು, ಒದೆಯೋದು, ಚಪ್ಪಾಳೆ ತಗೊಳ್ಳೋದು. ನನ್ನದು ರಕ್. ಅಂಪೈರ್ ಚೆಂಡು ನೆಲಕ್ಕೆ ಬಡಿದು ಪುಟಿಸಿದ ಕೂಡಲೇ ಹಾರಬೇಕು, ಎದುರಿನವನ ಮೊಣಕಾಲು ಎದೆಗೆ ತಿನ್ನಬೇಕು, ಚೆಂಡನ್ನು ನಮ್ಮ ಹುಡುಗರ ಕಡೆ ತಟ್ಟಬೇಕು. ಆಮೇಲೆ ಮೈದಾನದ ಆ ಕೊನೆಗೆ ಓಡಿ ಮತ್ತೆ ಅದೇ. ಚಪ್ಪಾಳೆ ಬೇರೆಯವರಿಗೆ. ಇಬ್ಬರೂ ಉದ್ದ, ಸರಿ. ಹೋಲಿಕೆ ಅಲ್ಲಿಗೇ ಮುಗೀತು. ಆಯ್ಕೆ ಸಮಿತಿಯವರ ತಲೆಗೆ ಇದು ಹೋಗಲ್ಲ. ಉದ್ದ ಇದ್ದವನೆಲ್ಲ ರಕ್ ಅಂದುಕೊಂಡಿದ್ದಾರೆ.

ಹೇಳಿಕೊಟ್ಟೆ. ಎಡಗಾಲಲ್ಲಿ ನೆಗೆಯೋದು, ಎದುರಿನವನ ಸೊಂಟಕ್ಕೆ ಸೊಂಟ ಕೊಡೋದು, ಚೆಂಡು ನೋಡೋ ಮೊದಲು ಅವನ ಕಾಲು ನೋಡೋದು.

ಬೇಗ ಕಲೀತಾನೆ. ಅದೇ ಹೊಟ್ಟೆ ಉರಿ. ಮೇಲಿಂದ "ಥ್ಯಾಂಕ್ಸ್ ಏಣಿಯಣ್ಣ" ಬೇರೆ. ಕ್ಲಬ್ಬಿನವರೆಲ್ಲ ನನ್ನನ್ನು ಏಣಿ ಅಂತಾರೆ. ಇವನೊಬ್ಬ ಅಣ್ಣ ಸೇರಿಸ್ತಾನೆ.

ಸೆಪ್ಟೆಂಬರ್ 14, ಶನಿವಾರ

ಗೆದ್ವಿ. ಗ್ರ್ಯಾಂಡ್ ಫೈನಲ್ಲಿಗೆ ಹೋಗ್ತಿದೀವಿ! ಹದಿನಾಲ್ಕು ಸೀಸನ್ ಆಡಿದೀನಿ, ಒಂದೂ ಗ್ರ್ಯಾಂಡ್ ಫೈನಲ್ ಆಡಿಲ್ಲ.

ಕೊನೆ ಕ್ವಾರ್ಟರ್ ಬೆಂಚ್ ಮೇಲೆ ಕೂತಿದ್ದೆ. ರಕ್ ಮಾಡಿದ್ದು ಕೀಗನ್. ಗೆಲುವಿನ ಗೋಲ್ ಬಂದಿದ್ದು ಅವನು ತಟ್ಟಿಕೊಟ್ಟ ಚೆಂಡಿಂದ. ಸೊಂಟ ಕೊಟ್ಟು, ಎಡಗಾಲಲ್ಲಿ ನೆಗೆದು — ನಾನು ಹೇಳಿಕೊಟ್ಟ ಹಾಗೇ, ಒಂದು ಕೂದಲೂ ಆಚೀಚೆ ಇಲ್ಲ. ಎಲ್ಲರ ಜೊತೆ ಕುಣಿದೆ. ಮನೆಗೆ ಬಂದು ನೇರ ಹೋಗಿ ಮಲಗಿದೆ.

ಸೆಪ್ಟೆಂಬರ್ 19, ಗುರುವಾರ

ಫೋನ್ ಬಂತು.

ಶಾಲೆ ಗೇಟಲ್ಲಿ ಬಸ್ ನಿಲ್ಲಿಸಿದ್ದೆ, ಮಕ್ಕಳು ಹತ್ತುತ್ತಿದ್ದರು. ಈ ಊರಲ್ಲಿ ಗುರುವಾರದ ಫೋನ್ ಅಂದ್ರೇನು ಅಂತ ಮಕ್ಕಳಿಗೂ ಗೊತ್ತು. ಗಲಾಟೆಯೆಲ್ಲ ನಿಂತುಹೋಯ್ತು.

"ಎರಡು ಕಂಬ ಇಟ್ಕೊಂಡ್ರೆ ಓಡೋರು ಕಮ್ಮಿ ಆಗ್ತಾರೆ ಮಾರಾಯ," ಅಂದ ಡೆಸ್. "ಕೀಗನ್ ಗೋಲೂ ಹೊಡೀತಾನೆ, ರಕ್ಕೂ ಮಾಡ್ತಾನೆ. ನೀನು ರಕ್ ಒಂದೇ."

ಮೀಸಲು ಆಟಗಾರನಾಗಿ ಇರ್ಬೇಕಂತೆ. ಯಾರಿಗಾದರೂ ಏನಾದರೂ ಆದರೆ. ಆಯ್ತು ಅಂದೆ. ಇನ್ನೇನು ಅನ್ನಲಿ? ನನ್ನ ಗುಂಡಿ ನಾನೇ ತೋಡಿಕೊಂಡೆ, ಅದೂ ಮಂಗಳವಾರ ಮಂಗಳವಾರ, ಪುಕ್ಕಟೆ.

ಹೋಗೋದೇ ಬೇಡ ಅನ್ನಿಸಿತು, ಆದರೂ ಪ್ರಾಕ್ಟೀಸಿಗೆ ಹೋದೆ. ಹೋಗಿದ್ದೇ ತಪ್ಪು. ಕೀಗನ್ ಬಲಗಾಲಲ್ಲಿ ನೆಗೀತಿದ್ದ. ಒಂದು ಸಲ ಅಲ್ಲ, ಪ್ರತಿ ಸಲ. ಇಳಿಯುವಾಗಲೂ ಎಡಗಾಲಿಗೆ ಭಾರ ಬಿಡಲ್ಲ. ಕಣಕಾಲು ಹೋಗಿದೆ. ಡೆಸ್‌ಗೆ ಕಾಣಲಿಲ್ಲ, ಸಮಿತಿಯವರಿಗೂ ಕಾಣಲಿಲ್ಲ. ಅವರು ಗೋಲ್ ಎಣಿಸ್ತಿದ್ರು.

ನಾನು ಹೋಗಿ ಹೇಳಲಾ? ಜಾಗಕ್ಕೋಸ್ಕರ ಚಾಡಿ ಹೇಳ್ದ ಅಂತಾರೆ. ಸುಮ್ನಿದ್ರೆ ತಂಡ ಮುಳುಗುತ್ತೆ. ಎತ್ತ ಹೋದರೂ ಕೆಟ್ಟವನು ನಾನೇ.

ಸೆಪ್ಟೆಂಬರ್ 20

ಬೆಳಿಗ್ಗೆ ಟ್ರಿಪ್ ಮುಗಿಸಿ ಟೈರ್ ಅಂಗಡಿಗೆ ಹೋದೆ. ಕೀಗನ್ ಸ್ಟೂಲ್ ಮೇಲೆ ಕೂತು ಕೆಲಸ ಮಾಡ್ತಿದ್ದ. ಆ ಕೆಲಸ ಕೂತು ಮಾಡೋರನ್ನ ನಾನು ನೋಡಿಲ್ಲ. ಕಾಲು ತೋರಿಸು ಅಂದೆ. ತೋರಿಸಲಿಲ್ಲ. ಏನೂ ಆಗಿಲ್ಲ, ಬಿಗಿಯಾಗಿ ಪಟ್ಟಿ ಸುತ್ತಿದ್ರೆ ಸರಿ ಅಂದ. ಸುಳ್ಳು ಹೇಳಬೇಡ, ನೀನು ನೆಗೆಯೋದು ನನಗೆ ಗೊತ್ತಿಲ್ವಾ ಅಂತ ಜೋರು ಮಾಡಿದೆ. ನಾಳೆ ಹನ್ನೆರಡರೊಳಗೆ ನೀನೇ ಡೆಸ್‌ಗೆ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ.

"ನಿಮಗೆ ನನ್ನ ಜಾಗ ಬೇಕು," ಅಂದ. "ಅಷ್ಟೇ ತಾನೆ?"

ಕಪಾಳಕ್ಕೆ ಹೊಡೆದ ಹಾಗಾಯ್ತು. ಯಾಕಂದ್ರೆ ಬೇಕು. ತುಂಬಾ ಬೇಕು.

ಮೆರಿನ್‌ಗೆ ಎಲ್ಲಾ ಹೇಳಿದೆ. ನನ್ನ ಹೆಂಡತಿ ಸಮಾಧಾನ ಮಾಡೋ ಪೈಕಿ ಅಲ್ಲ. "ಹೇಳೋದಾದ್ರೆ ಹೇಳು. ಆದ್ರೆ ನನಗೂ ಆಸೆ ಇದೆ ಅಂತ ಒಪ್ಕೊಂಡು ಹೇಳು, ದೊಡ್ಡ ಮನುಷ್ಯನ ಹಾಗೆ ನಾಟಕ ಆಡಬೇಡ," ಅಂದು ಟಿವಿ ಕಡೆ ತಿರುಗಿದಳು.

ಸೆಪ್ಟೆಂಬರ್ 21, ಶನಿವಾರ, 11.40

ಕಾರಲ್ಲಿ ಕೂತಿದೀನಿ. ಬೌಂಡರಿ ಸುತ್ತ ಕಾರುಗಳು ಮೂತಿ ಮೈದಾನಕ್ಕೆ ಮಾಡಿ ನಿಂತಾಗಿದೆ. ಗೋಲ್ ಬಿದ್ದಾಗ ಹಾರ್ನ್ ಹೊಡೆಯೋಕೆ ಎಲ್ಲರೂ ತಯಾರು. ಮೆರಿನ್ ತಿನ್ನೋಕೆ ಬಿಸಿ ಪೈ ತರ್ತೀನಿ ಅಂತ ಹೋದಳು.

ಕೀಗನ್ ಇನ್ನೂ ಹೇಳಿಲ್ಲ. ಅವನ ಹಟ ನೋಡಿದ್ರೆ ಹೇಳೋ ಹಾಗೂ ಕಾಣಲ್ಲ. ನಾನೇ ಹೋಗಬೇಕು. ಮೊದಲ ಮಾತು ಏನು? "ಡೆಸ್, ನನಗೆ ಆಡೋ ಆಸೆ ಇದೆ, ಅದನ್ನ ಬದಿಗಿಟ್ಟು ಕೇಳು" —

ಬರ್ತಿದ್ದಾನೆ.

ಎಡಗಾಲಲ್ಲಿ ಬರೀ ಸಾಕ್ಸ್. ಬೂಟು ಕೈಯಲ್ಲಿ. ಹಿಂದೆ ಡೆಸ್, ತಲೆ ಎತ್ತುತ್ತಿಲ್ಲ.

ಕಿಟಕಿ ಇಳಿಸಿದೆ. ಕೀಗನ್ ಕಣ್ಣು ಕೆಂಪಾಗಿತ್ತು. ಜರ್ಸಿ ಬಿಚ್ಚಿ ಒಳಗೆ ನನ್ನ ತೊಡೆ ಮೇಲಿಟ್ಟ.

"ಅವರ ರಕ್‌ನವನು ಮೊಣಕಾಲು ಬೇಗ ಎತ್ತುತ್ತಾನೆ ಏಣಿಯಣ್ಣ. ಹೋದ ಸಲ ನೋಡಿದೀನಿ. ನೀವು ಒಂದು ಹೆಜ್ಜೆ ತಡೆದು ನೆಗೀರಿ."

ಅಷ್ಟು ಹೇಳಿ ಹೋದ, ಬನಿಯನ್‌ನಲ್ಲಿ, ಕುಂಟಿಕೊಂಡು, ಅಷ್ಟು ಜನರ ಎದುರು. ಜರ್ಸಿ ಇನ್ನೂ ಬೆಚ್ಚಗಿದೆ. ಇಷ್ಟು ದಿನ ಬೇಕು ಬೇಕು ಅಂತ ಒದ್ದಾಡಿದ್ದು ಇದಕ್ಕೇ. ಒಂದು ಚೂರೂ ಖುಷಿ ಆಗ್ತಿಲ್ಲವಲ್ಲ.

ಡೆಸ್ ಕೂಗ್ತಿದ್ದಾನೆ. ಬೂಟಿನ ಲೇಸ್ ಕಟ್ಟಿ ಹೊರಟೆ.