ಎರಡನೇ ಗುಂಡಿನ ವಿಷಯ

ಮಾರ್ಚ್ 2, ಭಾನುವಾರ

ನಾಯಿಗಳಿಗೆ ಹಾಕಿ ಆಯಿತು. ಕೋಳಿ ಬಿಟ್ಟೆ. ಗಂಡ ಡೆಸ್‌ಗೆ ಮಾತ್ರೆ ಕೊಟ್ಟೆ. ನುಂಗುವಾಗ ಆ ಮುಖ ನೋಡಬೇಕು, ಹರಳೆಣ್ಣೆ ಕುಡಿಸಿದ ಮಗುವಿನ ಹಾಗೆ. ಆಪರೇಷನ್ ಮಾಡಿ ಸೊಂಟಕ್ಕೆ ಹೊಸ ಕೀಲು ಹಾಕಿ ಐದು ವಾರ. ಈ ವರ್ಷ ಗುಡ್ಡ ಹತ್ತುವ ಹಾಗೇ ಇಲ್ಲ ಎಂದಿದ್ದಾರೆ ಡಾಕ್ಟರು.

ಮೇ 3ಕ್ಕೆ ಮಗಳು ಶೋನಾಳ ಮದುವೆ. ಇಲ್ಲೇ, ನಮ್ಮ ಉಣ್ಣೆ ಶೆಡ್ಡಿನಲ್ಲಿ. ಹತ್ತು ವರ್ಷದವಳಿದ್ದಾಗಿನಿಂದ ಒಂದೇ ಹಟ — ಮದುವೆ ಊಟಕ್ಕೆ ನಮ್ಮ ಗುಡ್ಡದ ಜಿಂಕೆಯೇ ಆಗಬೇಕು. ಅವಳಪ್ಪನ ಬದಲು ಈಗ ಕೋವಿ ಹಿಡಿಯಬೇಕಾದವಳು ನಾನು. ಮೂವತ್ತೊಂದು ವರ್ಷ ಬೇಟೆ ಗುಡಿಸಲಿನಲ್ಲಿ ಚಹಾ ಕಾಯಿಸಿದವಳು. ಹೊಡೆದದ್ದು ಮೊಲ ಮಾತ್ರ.

ಹೆದರಿಕೆ ಇದೆ. ಒಂದು ಸಲ ಯಾರೋ ಹೊಡೆದ ಹೆಣ್ಣು ಜಿಂಕೆ ಗಾಯದಲ್ಲೇ ಓಡಿಹೋಗಿತ್ತು. ಎರಡು ದಿನ ಹುಡುಕಿದೆವು. ಸಿಗಲಿಲ್ಲ. ನನ್ನಿಂದ ಅಂಥದ್ದು ಆಗಕೂಡದು. ಒಂದೇ ಈಡಿಗೆ ಬೀಳುತ್ತದೆ ಎಂಬ ಧೈರ್ಯ ಬಾರದಿದ್ದರೆ ಟ್ರಿಗರ್ ಮುಟ್ಟುವುದಿಲ್ಲ. ಮದುವೆಗೆ ಕುರಿಯೇ ಆಗಲಿ.

ಡೆಸ್ ತರುತ್ತಿದ್ದ ತೋಟಾ ಈಗ ಬರುತ್ತಿಲ್ಲ. ಅಂಗಡಿಯ ನೈರಿ ಮೂರು ಡಬ್ಬಿ ಮುಂದಿಟ್ಟಳು. ಕೆಂಪು, ಹಸಿರು, ಬಿಳಿ.

“ಮೂರನ್ನೂ ಹೊಡೆದು ನೋಡು ಮಾರಾಯ್ತಿ. ಕೋವಿಗೂ ನಾಲಗೆ ರುಚಿ ಅಂತ ಇರುತ್ತೆ. ನಿನ್ನ ಗಂಡನ ಥರಾನೇ!”

ಹಿಂದಿನ ಹುಲ್ಲುಗಾವಲು. ನೂರು ಗಜ ದೂರದಲ್ಲಿ ಗುರಿ ಕಾಗದ. ಡಬ್ಬಿಗೆ ಮೂರು ಮೂರು ಗುಂಡು. ಮೊದಲು ಕೆಂಪು — ಮೂರೂ ತೂತು ಒಂದು ಬೆಂಕಿಪೊಟ್ಟಣದಡಿ ಮುಚ್ಚಿಹೋದವು! ಆಮೇಲೆ ಹಸಿರು, ಸೇಬಿನಗಲ. ಕೊನೆಗೆ ಬಿಳಿ, ತಟ್ಟೆಯಗಲ. ಕೆಂಪೇ ಸೈ. ಹಾಡಿಕೊಂಡು ಒಳಗೆ ಬಂದೆ.

ಮಾರ್ಚ್ 9, ಭಾನುವಾರ

ಖಾತ್ರಿಗೆಂದು ಇನ್ನೊಮ್ಮೆ. ಬಿಳಿ ಡಬ್ಬಿ ಮೇಲಿತ್ತು, ಅದರಿಂದಲೇ ಶುರು. ಬೆಂಕಿಪೊಟ್ಟಣ! ನಂತರ ಕೆಂಪು — ಸೇಬು. ಹಸಿರು — ತಟ್ಟೆ. ಇದೇನು ಕರ್ಮ?

“ಕೈ ನಡುಗಿರುತ್ತೆ ಕಣೇ,” ಎಂದ ಡೆಸ್, ಕುರ್ಚಿಯಿಂದ ಏಳದೆ. “ಕೆಂಪನ್ನೇ ಇಟ್ಕೋ. ನಾನು ಹೇಳ್ತೀನಲ್ಲ.”

“ನನ್ನ ಕೈಯಲ್ಲ ನಡುಗೋದು, ನಿನ್ನ ನಾಲಗೆ!” ಎಂದೆ. ರಾತ್ರಿಯ ಪಾತ್ರೆ ಅವನೇ ತೊಳೆದ.

ಮಾರ್ಚ್ 16, ಭಾನುವಾರ

ಇವತ್ತು ಹಸಿರು ಮೊದಲು. ಹಸಿರೇ ಬೆಂಕಿಪೊಟ್ಟಣ. ಬಿಳಿ ಸೇಬು, ಕೆಂಪು ತಟ್ಟೆ. ಅಳು ಬಂತು, ನಿಜ ಹೇಳುತ್ತೇನೆ. ಶೋನಾಗೆ ಫೋನ್ ಮಾಡಿದೆ. ಕುರಿ ಮಾಂಸ ಹೇಳಿಬಿಡು ಮಗಳೇ, ಎಂದೆ.

“ಕುರಿ ಆದ್ರೆ ನಾನು ಮಂಟಪಕ್ಕೇ ಬರಲ್ಲಮ್ಮ. ಅಪ್ಪನ್ನ ಕೂರಿಸ್ಕೊಂಡು ನೀನೇ ಇನ್ನೊಂದ್ಸಲ ಮದ್ವೆ ಆಗು!”

ನಗಬೇಕೋ ಅಳಬೇಕೋ...

ಮಾರ್ಚ್ 17, ಬೆಳಗ್ಗೆ

ಕೋವಿಗೆ ಹಿಡಿಶಾಪ ಬರೆಯೋಣವೆಂದು ಪುಟ ತೆರೆದೆ. ಹಿಂದಿನದರ ಮೇಲೆ ಕಣ್ಣಾಡಿತು. ಅಯ್ಯೋ ನನ್ನ ದಡ್ಡತನವೇ!

ಮೊದಲು ಹೊಡೆದದ್ದೇ ಪ್ರತಿ ಸಲ ಗೆದ್ದಿದೆ. ಯಾವ ಬಣ್ಣವಾದರೂ.

ರುಚಿಯೂ ಇಲ್ಲ, ಮಣ್ಣೂ ಇಲ್ಲ. ಗುಡ್ಡಕ್ಕೆ ಹೊರಲು ಹಗುರವಾಗಲೆಂದು ಮಾಡಿದ ತೆಳ್ಳನೆಯ ನಳಿಗೆ ಅದು. ನಾಲ್ಕು ಗುಂಡಿಗೆ ಕಾದು ದಾರಿ ತಪ್ಪುತ್ತದೆ. ಓಡಿಹೋಗಿ ಡೆಸ್‌ಗೆ ಹೇಳಿದೆ. ಸೊಂಟ ಹಿಡಿದುಕೊಂಡು ನಕ್ಕ.

“ನಿನಗೆ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಾ?” ಎಂದೆ.

“ನಾನು ಯಾವಾಗ್ಲೂ ಒಂದೇ ಹೊಡೆದೋನು, ಮುದುಕಿ. ಎರಡನೇ ಗುಂಡು ಎಲ್ಲಿಗೆ ಹೋಗುತ್ತೆ ಅಂತ ನನಗೇನು ಗೊತ್ತು?”

ಜಂಬ ನೋಡು!

ಮಾರ್ಚ್ 23, ಭಾನುವಾರ

ಐದು ದಿನ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಪ್ರತಿ ಸಲವೂ ತಣ್ಣನೆ ನಳಿಗೆ. ದಿನಕ್ಕೆ ಬಣ್ಣಕ್ಕೊಂದೇ ಗುಂಡು, ಬಣ್ಣಕ್ಕೊಂದು ಕಾಗದ. ಗುಡ್ಡದಲ್ಲಿ ಬೇಕಾದದ್ದು ಮೊದಲನೆಯ ಗುಂಡು ತಾನೇ? ಇವತ್ತು ಮೂರೂ ಕಾಗದ ಅಡುಗೆಮನೆ ಮೇಜಿನ ಮೇಲೆ ಹರಡಿದೆ. ಡೆಸ್‌ನ ಕೆಂಪು — ತಟ್ಟೆ. ಬಿಳಿ — ಸೇಬು. ಹಸಿರು — ಐದೂ ತೂತು ಜಾಮ್ ಬಾಟಲಿಯ ಮುಚ್ಚಳದೊಳಗೆ! ಗುರಿಯಿಂದ ಎರಡು ಬೆರಳಗಲ ಎಡಕ್ಕಿದ್ದವು, ಅಷ್ಟೇ. ಕೋವಿ ಮೇಲಿನ ದುರ್ಬೀನಿನ ತಿರುಪು ತಿರುಗಿಸಿದರೆ ಆಯಿತು. ಗುಂಡುಗಳು ಒಟ್ಟಿಗಿರಬೇಕು. ಚದುರುವುದನ್ನು ಸರಿಪಡಿಸಲು ಯಾವ ತಿರುಪೂ ಇಲ್ಲ.

ಅಡುಗೆಮನೆಯಲ್ಲಿ ಕುಣಿದೆ. ಐವತ್ತೆಂಟು ವಯಸ್ಸು, ಯಾರು ನೋಡುತ್ತಾರೆ? ನಾಯಿ ನೋಡಿತು.

ಏಪ್ರಿಲ್ 12, ಶನಿವಾರ, ಬೆಳಗ್ಗೆ 5.50, ಗುಡಿಸಲು

ಡೆಸ್ ಬಿಡಲಿಲ್ಲ, ಟ್ರಕ್ಕಿನಲ್ಲಿ ಗುಡಿಸಲ ಬಾಗಿಲವರೆಗೂ ಬಂದ. ಚಹಾ ಅವನದು. ಹೊಗೆ ವಾಸನೆ, ಸಕ್ಕರೆ ಎರಡು ಪಾಲು. ಒಂದು ತೊಟ್ಟೂ ಬಿಡದೆ ಕುಡಿದೆ. ಮೂವತ್ತೊಂದು ವರ್ಷದಲ್ಲಿ ನನಗಾಗಿ ಇಲ್ಲಿ ಯಾರೂ ಚಹಾ ಕಾಯಿಸಿರಲಿಲ್ಲ. ಮೇಲೆ ಕಣಿವೆಯಲ್ಲಿ ಗಂಡು ಜಿಂಕೆ ಗುಟುರು ಹಾಕುತ್ತಿದೆ.  ಹೊರಟೆ.

ಅದೇ ದಿನ, 8.15

ಇನ್ನೂ ಮೇಲೆಯೇ ಇದ್ದೇನೆ.  ಹೊಡೆಯುವಾಗ ಕೈ ನಡುಗಲಿಲ್ಲ!

ನೂರಿಪ್ಪತ್ತು ಗಜ ಇದ್ದಿರಬೇಕು. ಜಿಂಕೆರಾಯ ಅಡ್ಡ ತಿರುಗಿ ನಿಂತ. ನಳಿಗೆ ಮಂಜಿನಷ್ಟು ತಣ್ಣಗಿತ್ತು. ಉಸಿರು ಬಿಟ್ಟು, ಒತ್ತಿದೆ. ನಾಲ್ಕು ಹೆಜ್ಜೆ. ಅಷ್ಟರಲ್ಲೇ ಕುಸಿದ. ಹತ್ತಿರ ಹೋಗಿ ಕುತ್ತಿಗೆ ಸವರಿದೆ, ಬಿಸಿಯಿತ್ತು. ಥ್ಯಾಂಕ್ಸ್ ಕಣೋ, ಎಂದೆ. ಅತ್ತುಬಿಟ್ಟೆ. ಖುಷಿಯೂ ಆಯಿತು, ಎರಡೂ ಒಟ್ಟಿಗೆ.

ವಾಕಿ-ಟಾಕಿ ರೇಡಿಯೋದಲ್ಲಿ ಡೆಸ್: “ಒಂದೇ ಸದ್ದು ಕೇಳ್ತು. ಆಮೇಲೆ ಏನೂ ಇಲ್ಲ. ತಪ್ಪಿತಾ? ಎರಡನೇದು ಎಲ್ಲಿಗೆ ಹೋಯ್ತೇ?”

“ಎರಡನೇದಾ? ನನಗೇನು ಗೊತ್ತು, ಮುದುಕ!”

 ಕೇಕೆ ಹಾಕಿದ ನೋಡು, ಕಣಿವೆಯೆಲ್ಲ ಕೇಳಿಸಿತು. ರೇಡಿಯೋ ಬೇಕೇ ಇರಲಿಲ್ಲ. ಹೊರಲು ಶೋನಾಳನ್ನು ಮದುವೆಯಾಗುವ ಹುಡುಗ ಬರುತ್ತಿದ್ದಾನೆ. ಅಷ್ಟರಲ್ಲಿ ಚಾಕು ಹರಿತ ಮಾಡಿ... ಅಯ್ಯೋ, ಡೆಸ್ ಊರುಗೋಲು ಹಿಡಿದು ಗುಡ್ಡ ಹತ್ತುತ್ತಿದ್ದಾನೆ! ಡಾಕ್ಟರು ಬೇಡ ಅಂದಿ—