ತೋಳಿಲ್ಲದ ರವಕೆ

ಮಂಗಲ್ಪಾಡಿ
7 ಡಿಸೆಂಬರ್ 2024, ಶನಿವಾರ ಮಧ್ಯಾಹ್ನ

ಪ್ರೀತಿಯ ಹರಿಣೀ,

...‘ಇವತ್ತಿಗೆ ಹಸಿರು ಮುಗಿಯಿತು’ ಎಂದಿದ್ದೆಯೋ, ‘ಹಸಿರೆಲ್ಲ ಇವತ್ತೇ ಮುಗಿಯಿತು’ ಎಂದಿದ್ದೆಯೋ, ಸರಿಯಾಗಿ ನೆನಪಾಗುತ್ತಿಲ್ಲ. ಮೇ ತಿಂಗಳ ಆ ಸಂಜೆ ಮೇಕಪ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಾಲು ಕೂಡ ತೊಳೆಯದೆ ಕುಳಿತು ನೀನು ಹೇಳಿದ ಮಾತು ಅದು. ನಾನು ಪೇಪರಿನಿಂದ ತಲೆ ಎತ್ತದೆ ‘ಹಾಗಾದರೆ ತರಿಸುವ’ ಎಂದೆ. ನೀನು ಎದ್ದು ಕಾಲು ತೊಳೆಯಲು ಹೋದೆ. ಎರಡು ದಿನದಿಂದ ಆ ಮಾತು ತಲೆಯಲ್ಲಿ ತಿರುಗುತ್ತಿದೆ.

ಅದಿರಲಿ, ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು. ಮೊಣಕಾಲಿನ ನೋವು ಹೇಗಿದೆ? ಪಂಪೆಯಲ್ಲಿ ಬೆಳಗಿನ ಜಾವದ ಚಳಿ ಮೂಳೆಗಿಳಿಯುತ್ತದೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಾರೆ. ದಿನವಿಡೀ ಪೊಲೀಸ್ ಡ್ಯೂಟಿಯಲ್ಲಿ ನಿಂತು ಅಯ್ಯಪ್ಪ ಭಕ್ತರ ಸಾಲು ನೋಡಿಕೊಳ್ಳುವವಳು ಕುಡಿಯುವ ನೀರನ್ನಾದರೂ ಬಿಸಿ ಮಾಡಿಸಿಕೊ. ಇಲ್ಲಿ ಎಲ್ಲರೂ ಸೌಖ್ಯ. ತೃಷಾ ನಿನ್ನ ದಿಂಬನ್ನು ತನ್ನ ಕೋಣೆಗೆ ಒಯ್ದಿದ್ದಾಳೆ. ಅಮ್ಮನ ನೆನಪೋ ಎಂದು ಕೇಳಿದರೆ, ಅಲ್ಲ, ಇದು ಮೆತ್ತಗೆ ಉಂಟು ಎನ್ನುತ್ತಾಳೆ. ಇವೆಲ್ಲ ಫೋನಿನಲ್ಲಿ ಹೇಳುವ ಸಂಗತಿಗಳು, ಹೇಳಿಯೂ ಆಗಿದೆ. ಮುಂದಿನದಕ್ಕೆ ಬಾಯಿ ತೆರೆದಾಗಲೆಲ್ಲ ನಿನ್ನ ಬದಿಯಿಂದ ಬ್ಯಾರಕ್ಕಿನ ನಗು ಕೇಳಿಸುತ್ತದೆ, ಯಾರೋ ನಿನ್ನನ್ನು ‘ಚೇಚೀ’, ಅಕ್ಕಾ ಎಂದು ಕರೆಯುತ್ತಾರೆ, ನಾನು ಮಾತು ಬದಲಿಸುತ್ತೇನೆ. ಇವತ್ತು ಸಂಜೆಯ ತಂಡದಲ್ಲಿ ಯತಿನ್ ಪಂಪೆಗೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನಿನ್ನದೇ ಸ್ಟೇಷನ್ನಿನವನ ಕೈಯಲ್ಲಿ ಇಂಥ ಪತ್ರ ಕೊಡುವುದು ಸರಿಯೇ ಎಂದು ಬೆಳಗಿನಿಂದ ಯೋಚಿಸಿದೆ. ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ಮೊನ್ನೆ ಗೇಟಿನಲ್ಲಿ ಸಿಕ್ಕಿ, “ಶ್ಯಾಮಣ್ಣ, ನಿಮ್ಮ ಮನೆಯವರನ್ನು ಕರೆದರೆ ಮದುಮಗಳಿಗೆ ಪೌಡರು, ಮದುಮಗನಿಗೆ ಲಾಠಿ, ಎರಡೂ ಒಂದೇ ಬುಕ್ಕಿಂಗಿನಲ್ಲಿ ಆಯ್ತಲ್ಲ ಮಾರಾಯ್ರೆ!” ಎಂದು ನಕ್ಕ. ತಮಾಷೆಯೇ ಇರಬೇಕು. ಅವನಿಗೆ ಎಷ್ಟು ಗೊತ್ತು ಎಂಬುದು ಆ ನಗುವಿನಿಂದ ತಿಳಿಯಲಿಲ್ಲ.

ಗುರುವಾರ ಸಂಜೆ ಎಮಿಲಿಯಾ ಬಾಯಿ ಬಂದಿದ್ದರು. ಹೊಲಿಯಲು ಕೊಟ್ಟ ನಿನ್ನ ಯೂನಿಫಾರ್ಮು ತಂದಿರಬೇಕು ಎಂದುಕೊಂಡೆ. ಕೈಯಲ್ಲಿ ಏನೂ ಇರಲಿಲ್ಲ. ನೀನು ಪಂಪೆಗೆ ಹೋದ ವಾರವೇ ಅವರ ಮಗಳು ಸ್ವೀಡಲ್ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ನಿಮ್ಮ ಸ್ಟೇಷನ್ನಿನಲ್ಲಿ ದೂರು ಕೊಟ್ಟೂ ಆಗಿದೆ. ಮದುವೆಯ ರಾತ್ರಿಯಿಂದಲೇ ಗಂಡ ಮೆರ್ವಿನ್ ಕೈಮಾಡುತ್ತಿದ್ದ, ಆ ರಾತ್ರಿ ತೋಳು ಹಿಡಿದು ತಿರುಚಿದ್ದ ಎಂದು ಅವಳು ಹೇಳಿದ್ದಾಳೆ. ಅದಕ್ಕೆ ಅವನ ಕಡೆಯವರು ಮದುವೆಯ ಆಲ್ಬಮ್ಮನ್ನೇ ಹೊತ್ತು ತಂದರಂತೆ. ಮದುವೆಯ ಮರುದಿನ ಹೆಣ್ಣಿನ ಮನೆಯಲ್ಲಿ ನಡೆದ ಔತಣದ ಚಿತ್ರಗಳು. ಕೆಂಪು ಸೀರೆ, ತೋಳಿಲ್ಲದ ರವಕೆ, ಭುಜದಿಂದ ಬೆರಳ ತುದಿಯವರೆಗೆ ಒಂದು ಕಲೆಯಿಲ್ಲ. ‘ಗುರುತು ಎಲ್ಲಿ, ತೋರಿಸಿ’ ಎಂದರಂತೆ. ಎಸ್‌ಐ ಪುಟ ತಿರುಗಿಸಿ ತಿರುಗಿಸಿ ನೋಡಿ, ಸ್ವೀಡಲಳ ಮುಖವನ್ನೂ ನೋಡಿ, ಆಲ್ಬಮ್ಮನ್ನು ಮುಚ್ಚಿಟ್ಟರಂತೆ. ಒಂದು ಸುಳ್ಳೆಂದಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಅವಳನ್ನು ತಿರುಗಿ ಕರೆದುಕೊಂಡು ಹೋಗುತ್ತೇವೆ, ರಾಜಿ ಮಾಡಿಸಿ ಎಂದು ಮೆರ್ವಿನ್ ಕಡೆಯವರು ಈಗ ಕೇಳುತ್ತಿದ್ದಾರೆ. “ರವಕೆ ನಾನೇ ಹೊಲಿದದ್ದು ಶ್ಯಾಮಣ್ಣ,” ಎಂದರು ಬಾಯಿ. “ಈಗಿನ ಹುಡುಗಿಯರು ಹಾಗೆಯೇ ಕೇಳುವುದು ಅಂತ ತೋಳು ಇಡಲಿಲ್ಲ. ಮೊಣಕೈವರೆಗೆ ಇಟ್ಟಿದ್ದರೆ ಇವತ್ತು ಆ ಫೋಟೋಕ್ಕೆ ಬಾಯಿ ಇರ್ತಿರಲಿಲ್ಲ.”

ಮತ್ತೆ ಅವರೇ ಹಸಿರಿನ ಅರ್ಥ ಹೇಳಿದರು. ಕೆಂಪು ಗುರುತಿನ ಮೇಲೆ ನೇರವಾಗಿ ಚರ್ಮದ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲವಂತೆ. ಮೊದಲು ಹಸಿರು ಕ್ರೀಮು ಹಚ್ಚಿ ಕೆಂಪನ್ನು ಸಾಯಿಸಬೇಕಂತೆ. ಮೊಡವೆಗಾದರೆ ಒಂದು ಚುಕ್ಕೆ ಸಾಕು. ಆ ಔತಣಕ್ಕೆ ಸ್ವೀಡಲಳನ್ನು ಸಿಂಗರಿಸಲು ಹೋದ ನೀನು ಅವತ್ತು ಒಂದು ಡಬ್ಬಿ ಮುಗಿಸಿ ಬಂದಿದ್ದೆ. ಎಂತ ಇದು ಎಂದು ನೀನು ಕೇಳಿದೆಯಂತೆ, ಬಾಗಿಲು ತಾಗಿತು ಎಂದಳಂತೆ ಸ್ವೀಡಲ್. “ಹರಿಣಕ್ಕ ‘ಬಾಗಿಲಿಗೆ ನಾಲ್ಕು ಬೆರಳು ಉಂಟಾ?’ ಅಂತ ಕೇಳಿದ್ರಂತೆ. ಇವಳು ಅಳಲಿಕ್ಕೆ ಶುರು ಮಾಡಿದ್ಳಂತೆ. ಕಾಡಿಗೆ ಹಾಳಾಗ್ತದೆ, ಅಳಬೇಡ ಅಂದ್ರಂತೆ.” ಇದನ್ನು ಹೇಳುವಾಗ ಬಾಯಿಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನ ಕೈಗುಣ ಅಷ್ಟು ಚೆನ್ನಾಗಿಲ್ಲದಿದ್ದರೆ, ಆ ಬೆವರಿನ ಮೇ ತಿಂಗಳಲ್ಲಿ ಬಣ್ಣ ಸ್ವಲ್ಪ ಕರಗಿದ್ದರೂ, ಫೋಟೋದಲ್ಲಿ ಒಂದು ನೆರಳಾದರೂ ಬೀಳುತ್ತಿತ್ತು. ಹೀಗೆ ಯೋಚಿಸುತ್ತ ಕುಳಿತಿದ್ದೇನೆ, ಯೋಚನೆಯಿಂದ ಉಪಯೋಗವಿಲ್ಲ. ನೀನು ಈ ಮೇಕಪ್ಪಿನ ಕೆಲಸವನ್ನು ಯಾಕೆ ಹಿಡಿದೆ ಎಂಬುದು ನನಗೆ ಗೊತ್ತು. ‘ಸ್ಟೇಷನ್ನಿಗೆ ಬರುವ ಹೆಂಗಸರು ನನ್ನೆದುರು ಮುಖ ತಗ್ಗಿಸುತ್ತಾರೆ, ಇಲ್ಲಿ ಮುಖ ಎತ್ತಿ ಕೊಡುತ್ತಾರೆ’ ಎಂದು ನೀನೇ ಹೇಳಿದ್ದೆ. ಗೇಟಿನ ಬೋರ್ಡಿನಲ್ಲಿ ನನ್ನ ತಂಗಿ ಅಕ್ಕುವಿನ ಹೆಸರು, ಒಳಗೆ ಬ್ರಷ್ಷು ನಿನ್ನದು. ಅನುಮತಿಯಿಲ್ಲದೆ ಪೊಲೀಸರು ಬೇರೆ ದುಡಿಮೆ ಮಾಡುವಂತಿಲ್ಲ. ಕೇಳಿದರೆ ಕೊಡುವುದಿಲ್ಲ ಎಂದು ನೀನು ಕೇಳಲೂ ಇಲ್ಲ. ಈಗ ನೀನು ಕಂಡದ್ದನ್ನು ಹೇಳಬೇಕಾದರೆ ಅಲ್ಲಿ ಯಾಕೆ ಇದ್ದೆ ಎಂದೂ ಹೇಳಬೇಕು. ಕೋರ್ಟಿನಲ್ಲಿ ನಾನು ದಿನವೂ ಕನ್ನಡದವರ ಹೇಳಿಕೆಗಳನ್ನು ಮಲಯಾಳಕ್ಕೆ ತಿರುಗಿಸುವವನು. ‘ಕಂಡಿತು’ ಎಂದರೆ ಒಂದು, ‘ನೋಡಿದೆ’ ಎಂದರೆ ಇನ್ನೊಂದು ಎಂದು ವಕೀಲರು ಜಗಳವಾಡುತ್ತಾರೆ. ಡ್ಯೂಟಿಯಲ್ಲಿಲ್ಲದ ಪೊಲೀಸಿನವಳು ಕಂಡದ್ದಕ್ಕೆ ಯಾವ ಪದ ಹಾಕುವುದೋ ನನಗೆ ತಿಳಿಯದು. ಸಸ್ಪೆನ್ಶನ್ನೇ ಆಗುತ್ತದೋ, ದೂರದ ಜಿಲ್ಲೆಗೆ ವರ್ಗವೋ, ಅಥವಾ ಏನೂ ಆಗುವುದಿಲ್ಲವೋ. ಏನೂ ಆಗದಿರಬಹುದು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಹಾಗಾದರೆ ನಾವು ಯಾವುದಕ್ಕೆ ಇಷ್ಟು ಹೆದರಿದೆವು?

ಬಾಯಿ ಒಂದು ಸಲವೂ ‘ಹರಿಣಕ್ಕ ಬಂದು ಹೇಳಲಿ’ ಎನ್ನಲಿಲ್ಲ. “ಅವರ ಹೆಸರು ನಮ್ಮ ಬಾಯಲ್ಲಿ ಬರುವುದಿಲ್ಲ, ಸ್ವೀಡಲಿಗೂ ಹೇಳಿದ್ದೇನೆ. ಅನ್ನದ ಕೆಲಸಕ್ಕೆ ಕುತ್ತು ತರುವುದು ಪಾಪ. ಅವರಿಗೇ ಮನಸ್ಸಾದರೆ ಮಾತ್ರ,” ಎಂದು ಎದ್ದು ನಿಂತರು. ಚಹಾ ತಂದ ಅಕ್ಕು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಅತ್ತಿಗೆ ಯಾಕೆ ಬಾಯಿ? ಬೋರ್ಡಿನಲ್ಲಿ ಹೆಸರು ನನ್ನದಲ್ಲವಾ? ಅವತ್ತು ನಾನೂ ಇದ್ದೆನಲ್ಲ, ನಾನೂ ಕಂಡಿದ್ದೇನೆ. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ,” ಎಂದಳು. ಅವತ್ತು ಅವಳು ನಿನ್ನ ಜತೆ ಹೋದದ್ದು ನಿಜ. ಆದರೆ ಅವಳು ಹೊರಗಿನ ಕೋಣೆಯಲ್ಲಿ ಮದುಮಗಳ ನೆಂಟರ ಹುಡುಗಿಯರಿಗೆ ಕೂದಲು ಕಟ್ಟುತ್ತಿದ್ದಳು, ಒಳಗೆ ಬಾಗಿಲು ಹಾಕಿಕೊಂಡು ನೀವಿಬ್ಬರೇ ಇದ್ದದ್ದು ಎಂದು ನೀನೇ ಹೇಳಿದ್ದೆ. ಬಾಯಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತರು. ಮಗಳ ಮದುವೆಯ ದಿನ ಕೂಡ ಅವರು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ನಾನು ಮಾತಾಡಬಹುದಿತ್ತು, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅವರು ಹೋದ ಮೇಲೆ, ‘ನೀನು ಕಂಡದ್ದು ಯಾವಾಗ?’ ಎಂದು ಅಕ್ಕುವನ್ನು ಕೇಳಿದೆ. “ಎಂತ ಅಣ್ಣ, ಆದದ್ದು ಸುಳ್ಳಾ? ಆದದ್ದನ್ನೇ ಹೇಳುವುದಲ್ಲವಾ? ಯಾರು ಹೇಳಿದರೆ ಎಂತ!” ಎಂದಳು. ಇಡೀ ದಿನ ಕೋರ್ಟಿನಲ್ಲಿ ಕೂರುವ ನಾನು ಲೋಟ ತೊಳೆಯುತ್ತ ನಿಂತೆ. ಅವಳು ಹೇಳಿದಂತಾದರೆ ನಿನ್ನ ನೌಕರಿ ಉಳಿಯುತ್ತದೆ, ಆ ಹುಡುಗಿಯೂ ಉಳಿಯುತ್ತಾಳೆ ಎಂದು ಒಂದು ಕ್ಷಣ ಹಗುರಾಗಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ.

ನೀನು ಗಾಬರಿಯಾಗಬೇಡ. ಊಟ ಬಿಡಬೇಡ, ಒದ್ದೆ ಸಾಕ್ಸಿನಲ್ಲಿ ನಿಲ್ಲಬೇಡ. ತೃಷಾ ಅಮ್ಮನಿಗೆ ಒಂದು ಮುತ್ತು ಎಂದು ಬರೆಯಲು ಹೇಳಿ, ಮತ್ತೆ ನಾಚಿ ಬೇಡ ಎಂದಳು, ಬರೆದಿದ್ದೇನೆ. ಅಯ್ಯಪ್ಪ ನಿನ್ನನ್ನು ಕಾಯಲಿ, ಅಷ್ಟು ಜನರ ಮಧ್ಯೆ ನಿನಗೂ ಒಂದು ಕಣ್ಣು ಇಡಲಿ.

ನಿನ್ನ,
ಶ್ಯಾಮ

ಮರೆತೆ: ಯತಿನ್ ಗೇಟಿನಲ್ಲಿ ಹಾರನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ಅಕ್ಕು ಎಮಿಲಿಯಾ ಬಾಯಿಯ ಜತೆ ಸ್ಟೇಷನ್ನಿಗೆ ಹೋಗಿ ಹೇಳಿಕೆ, ಅವರ ಭಾಷೆಯಲ್ಲಿ ಮೊಳಿ, ಕೊಡುವುದೆಂದು ನಿಶ್ಚಯವಾಗಿದೆ. ಈಗಷ್ಟೇ ಅಕ್ಕು ಬಂದು ಆ ಗುರುತಿನ ಬಗ್ಗೆ ನನ್ನ ಕಿವಿಯಲ್ಲಿ ಒಂದು ವಿಷಯ ಕೇಳಿದಳು. ನನಗೆ ಗೊತ್ತಿಲ್ಲ. ಬಾಯಿಯನ್ನು ಕೇಳುವ ಹಾಗಿಲ್ಲ, ಅವರೆದುರು ಅವಳು ‘ಕಂಡಿದ್ದೇನೆ’ ಎಂದಾಗಿದೆಯಲ್ಲ. ನಾಳೆ ರಾತ್ರಿ ನೀನು ಫೋನು ಮಾಡುವಾಗ ಒಂದೇ ಪದ ಹೇಳಿದರೆ ಸಾಕು, ಪಕ್ಕದಲ್ಲಿದ್ದವರಿಗೆ ಏನೂ ತಿಳಿಯದು. ಇಲ್ಲವಾದರೆ ಆ ಪದ ಹೇಳದೆ, ರಜೆ ಕೇಳಿ, ನೀನೇ ಹೊರಟು ಬಾ. ಎಡಗೈಯೋ ಬಲಗೈಯೋ, ಹರಿಣೀ?