ಮೊಳೆಗೆ ಚುಚ್ಚಿದ ಚೀಟಿ

ಹದಿನೇಳನೇ ತಾರೀಖು, ಗುರುವಾರ
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ನಮ್ಮ ಗಂಟೆಯ ಅಪ್ಪನಿಗೆ, ಅವಳ ಅಮ್ಮ ಮಾಡುವ ಪ್ರೀತಿಯ ನಮಸ್ಕಾರ.

ಮೊದಲು ಬೈಗುಳ ತಿಂದುಬಿಡುತ್ತೇನೆ. ನಿಮ್ಮ ಮೂರು ಕಾಗದ ಬಂದಿವೆ, ನನ್ನದು ಒಂದೂ ಹೋಗಿಲ್ಲ. "ಮೂರು ಸಲ ರಿಂಗಾಗುವುದರೊಳಗೆ ಫೋನ್ ಎತ್ತುವ ಫೈರ್ ಕಂಟ್ರೋಲ್ ರೂಮಿನವಳು ಮೂರು ಕಾಗದಕ್ಕೂ ಮಿಸುಕಲಿಲ್ಲವಲ್ಲ" ಎಂದು ಬರೆದಿದ್ದೀರಿ. ಓದಿ ನಕ್ಕುಬಿಟ್ಟೆ. ನಿಮ್ಮ ಕುಚೋದ್ಯ ವಾಪಸ್ ಬಂದಿದೆ ಅಂದರೆ ಆ ಆಸ್ಪತ್ರೆಯ ಗಾಳಿ ಹಿಡಿಸಿದೆ ಅಂತಲೇ ಅರ್ಥ. ಬರೆಯಲು ಕೂರಲಿಲ್ಲ ಅಂತಲ್ಲ, ಕೂತಾಗಲೆಲ್ಲ ಎರಡು ಸಾಲಿಗೆ ಪೆನ್ನು ನಿಲ್ಲುತ್ತಿತ್ತು. ಕ್ಷಮಿಸಿ.

ಅತ್ತೆ ಚೆನ್ನಾಗಿದ್ದಾರೆ. ಸ್ನಾನಕ್ಕೆ ಹೋದರೆ ಇನ್ನೂ ಹಾಡುತ್ತಾರೆ. ಒಳಗಿಂದ ಎರಡು ನಿಮಿಷ ಸದ್ದು ಬರಲಿಲ್ಲವೆಂದು ನೀವು ಭುಜ ಕೊಟ್ಟು ಬಚ್ಚಲ ಬಾಗಿಲು ಮುರಿದಿರಲ್ಲ, ಅವತ್ತಿನಿಂದ ಶುರುವಾದದ್ದು. ಮೈಯೆಲ್ಲ ಸೋಪಿನ ನೊರೆ, ಕೈಯಲ್ಲಿ ಚೊಂಬು, ಬಾಯ್ತುಂಬ ಬೈಗುಳ! ಮೊನ್ನೆ ನಾನು, "ಅತ್ತೆ, ಅವರು ಮನೇಲಿಲ್ವಲ್ಲ, ಗಂಟಲಿಗೆ ಸ್ವಲ್ಪ ರಜ ಕೊಡಿ" ಅಂದೆ. "ಅಭ್ಯಾಸ ತಪ್ಪಿಹೋದ್ರೆ ಅವನು ಬಂದ ದಿನ ಏನ್ಮಾಡ್ಲಿ? ಇನ್ನೊಂದು ಬಾಗಿಲು ಮುರೀತಾನೆ ಅಷ್ಟೇ" ಅಂದರು. ರಾಗ ಮಾತ್ರ ದೇವರಿಗೇ ಪ್ರೀತಿ.

ಇನ್ನು ನಿಮ್ಮ ಮಗಳ ವಿಷಯ. ಹುಟ್ಟಿದಾಗಿನ ಅಳು ಕೇಳಿ ಗಂಟೆ ಎಂದು ನೀವಿಟ್ಟ ಹೆಸರನ್ನು ಶಾಲೆಯಲ್ಲೂ ಉಳಿಸಿಕೊಂಡಿದ್ದಾಳೆ. ಬೆಂಕಿ ಬಿದ್ದರೆ ಹೇಗೆ ಹೊರಗೆ ಬರಬೇಕು ಅಂತ ಅಭ್ಯಾಸ ಮಾಡಿಸಿದರಂತೆ. ಎಲ್ಲರೂ ಮೈದಾನಕ್ಕೆ ಬಂದರು, ಮೇಷ್ಟ್ರು ಚಪ್ಪಾಳೆ ತಟ್ಟಿದರು. ಇವಳು ಮುಂದೆ ಹೋಗಿ, "ಸಾರ್, ಎಣಿಸಿದ್ರಾ?" ಅಂದಳಂತೆ. ಎಣಿಸಿದರೆ ಒಬ್ಬಳು ಕಡಿಮೆ! ಆ ಹುಡುಗಿ ಮೆಟ್ಟಿಲ ಕೆಳಗೆ ಕೂತು ಆರಾಮಾಗಿ ಊಟದ ಡಬ್ಬಿ ಖಾಲಿ ಮಾಡುತ್ತಿದ್ದಳಂತೆ. ಮೇಷ್ಟ್ರು ನನ್ನನ್ನು ಕರೆಸಿ ಹೊಗಳಿದರು. ಎದುರಿಗೆ ನಕ್ಕೆ, ದಾರಿಯಲ್ಲಿ ಅಳು ಬಂತು. ಎಂಟು ವರ್ಷದ ಮಗುವಿಗೆ ಈ ಎಣಿಕೆಯೆಲ್ಲ ಯಾಕೆ ಬೇಕಿತ್ತು?

ನಿಮ್ಮ ಕೊನೆಯ ಕಾಗದದ ಬಗ್ಗೆ ಬರೆಯದೆ ಇಷ್ಟು ದೂರ ಬಂದೆ. ಡಾಕ್ಟರಮ್ಮ ಮುಂದಿನ ತಿಂಗಳು ಮನೆಗೆ ಹೋಗಬಹುದು ಅಂದರೂ ನೀವು ಬರುವುದಿಲ್ಲವಂತೆ. ಬೇರೆಲ್ಲಾದರೂ ಒಂದು ಕೋಣೆ ಹಿಡಿದು ಇರುತ್ತೀರಂತೆ. ಕಾರಣ ಅದೇ, ಬಟ್ಟೆ ಅಂಗಡಿಯ ಮೇಲೆ ಬೆಂಕಿ ಬಿದ್ದ ಆ ಮನೆ. ಫೋನ್ ಮಾಡಿದವರು ಒಳಗೆ ಐದು ಜನ ಅಂದಿದ್ದರು, ನೀವು ಐದೂ ಜನರನ್ನು ಇಳಿಸಿದಿರಿ. ಬೆಂಕಿ ಆರಿದ ಮೇಲೆ ತಾರಸಿ ಕೋಣೆಯಲ್ಲಿ ಆ ಮನೆಯ ತಾತ ಸಿಕ್ಕರು, ಹೊಗೆಗೆ ಉಸಿರು ನಿಂತಿತ್ತು. ತಾತ ಮೇಲಿದ್ದಾರೆ ಎಂದು ಪಕ್ಕದ ಮನೆಯಾಕೆ ಫೋನ್ ಮಾಡಿದ್ದನ್ನು ಬರೆದ ಚೀಟಿ ನಮ್ಮ ಕಂಟ್ರೋಲ್ ರೂಮಿನ ಮೊಳೆಯಲ್ಲಿತ್ತು. ಅಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ವೈರ್‌ಲೆಸ್‌ನಲ್ಲಿ ಓದಿ ಹೇಳಿದ ಚೀಟಿ ಮೊಳೆಗೆ, ಇನ್ನೂ ಹೇಳದ್ದು ಮೇಜಿನ ಗಾಜಿನ ಕೆಳಗೆ. ಬೇರೆ ದಾಖಲೆಯಿಲ್ಲ, ಮೊಳೆಯೇ ಸಾಕ್ಷಿ. ಹಾಗಾಗಿ ವಿಚಾರಣೆಯವರು ಸುದ್ದಿ ನಿಮ್ಮ ಗಾಡಿಗೆ ತಲುಪಿತ್ತು, ಪಂಪಿನ ಸದ್ದಿನಲ್ಲಿ ಯಾರೂ ಗಮನಿಸಲಿಲ್ಲ ಎಂದು ಬರೆದು ಕಡತ ಮುಚ್ಚಿದರು.

ಎಂಟು ತಿಂಗಳಿಂದ ನೀವು ಆ ಒಂದು ಮಾತನ್ನು ನೆನಪಿನಲ್ಲಿ ಹುಡುಕುತ್ತಿದ್ದೀರಿ. "ಅವತ್ತು ಮೈಕಿನ ಮುಂದೆ ಇದ್ದವಳು ನೀನು. ನಿನ್ನ ದನಿಯನ್ನೇ ಕೇಳಿಸಿಕೊಳ್ಳದವನು ಯಾವ ಮುಖ ಇಟ್ಟುಕೊಂಡು ನಿನ್ನ ಜೊತೆ ಬಾಳಲಿ?" ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದ್ದೇನೋ ನನಗೇ ತಿಳಿಯದು.

ಭಾನುವಾರ ನಿಮ್ಮ ಗಾಡಿಯ ಡ್ರೈವರಣ್ಣ ಬಂದಿದ್ದರು. ಸೊರಗಿಹೋಗಿದ್ದಾರೆ. ನಿಮ್ಮ ಹಾಗೆಯೇ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕಿ ಕೂತರು. ಅತ್ತೆ ಕೊಟ್ಟ ಟೀ ಆರಿಹೋಯಿತು. "ಅಕ್ಕ, ಎರಡು ಕಡೆ ಕಿವಿ ತೋರಿಸ್ದೆ. ಸೂಜಿ ಬಿದ್ರೂ ಕೇಳ್ಸುತ್ತೆ, ನಿಮಗೇನೂ ಆಗಿಲ್ಲ ಅಂತಾರೆ. ಮತ್ತೆ ಅವತ್ತು ನಂಗ್ಯಾಕೆ ಕೇಳಿಸ್ಲಿಲ್ಲ? ವೈರ್‌ಲೆಸ್ ನನ್ನ ತಲೆ ಪಕ್ಕಾನೇ ಇತ್ತಲ್ಲ!" ಅಂದರು. ಸ್ಟೀರಿಂಗ್ ಹಿಡಿಯಲು ಧೈರ್ಯ ಬರುವುದಿಲ್ಲವೆಂದು ಗ್ಯಾರೇಜಿನಲ್ಲಿ ಕೆಲಸ ಕೇಳಿದ್ದಾರಂತೆ. ಅತ್ತೆ ಅವರ ಬೆನ್ನು ಸವರಿದರು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಮಾತ್ರೆ ತಪ್ಪಿಸಬೇಡಿ. ಡಾಕ್ಟರಮ್ಮ ಕೇಳಿದ್ದಕ್ಕೆ "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಾ ಕೂರಬೇಡಿ, ಕನಸು ಬಿದ್ದರೆ ಬಿತ್ತು ಅನ್ನಿ. ಹಾಲು ಸೀದ ವಾಸನೆಗೆ ಬೆವತು ನಿಲ್ಲುವ ನೀವೂ ನನ್ನವರೇ. ಮದುವೆಯ ದಿನ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ನಡೆದ ನೀವೂ ನನ್ನವರೇ. ನಿಮ್ಮ ಮೇಲೆ ನನಗೆ ಎಂದೂ ಕೋಪ ಬಂದಿಲ್ಲ.

ಅತ್ತೆ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಅಂತ ಬರೆಯಲು ಹೇಳಿದರು. ಬರೆದೆ ಅಂದ ಮೇಲೆ, "ಕೂದಲು ಕತ್ತರಿಸ್ಕೊಳೋ ಅಂತಾನೂ ಬರಿ" ಅಂದರು. ಗಂಟೆ ಮುತ್ತು ಕೊಟ್ಟಿದ್ದಾಳೆ, ಈ ಮೂಲೆಯಲ್ಲಿ ಒದ್ದೆಯಾಗಿರುವುದು ಅದೇ.

ಎಂದೆಂದಿಗೂ ನಿಮ್ಮ ಒಳ್ಳೆಯದನ್ನೇ ಬಯಸುವ,
ನಿಮ್ಮವಳು

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಪೆನ್ನು ನಿಲ್ಲುತ್ತಿದ್ದದ್ದು ಇಲ್ಲಿಯೇ.

ಆ ಮಾತನ್ನು ಇನ್ನು ಹುಡುಕಬೇಡಿ. ನಿಮಗೆ ಅದು ಸಿಗುವುದಿಲ್ಲ, ಯಾಕೆಂದರೆ ನಾನು ಅದನ್ನು ಹೇಳಲೇ ಇಲ್ಲ.

ಪಾಳಿ ಮುಗಿಯಲು ಒಂದು ನಿಮಿಷವಿತ್ತು. ಪಕ್ಕದ ಮನೆಯಾಕೆ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ. ಮೈಕಿಗೆ ಕೈ ಹಾಕುವಷ್ಟರಲ್ಲಿ ವೈರ್‌ಲೆಸ್‌ನಲ್ಲಿ ನಿಮ್ಮ ದನಿ ಬಂತು, "ಐದೂ ಜನ ಇಳಿದ್ರು, ನಾವೆಲ್ಲ ಹುಷಾರು" ಅಂತ. ನೀವು ಹುಷಾರು ಎಂಬುದೊಂದೇ ನನ್ನ ಕಿವಿಗೆ ಬಿದ್ದದ್ದು. ಜೀವ ಬಂದ ಹಾಗಾಯಿತು. ಮುಂದಿನ ಪಾಳಿಯವಳು ನನ್ನ ಬೆನ್ನ ಹಿಂದೆ "ಏಳಕ್ಕ" ಎಂದು ನಿಂತಿದ್ದಳು. ಎದ್ದು ಹೋಗುವಾಗ ಗಾಜಿನ ಕೆಳಗೆ ಒಂದು ಚೀಟಿಯೂ ಉಳಿಯಬಾರದು ಎಂಬ ಹದಿನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿ ಅದನ್ನು ಮೊಳೆಗೆ ಚುಚ್ಚಿತು. ಮರುದಿನ ಬೆಳಿಗ್ಗೆ ಅದನ್ನು ಅಲ್ಲಿ ನೋಡಿದಾಗಲೇ ಹೇಳಿಲ್ಲವೆಂಬುದು ನೆನಪಾದದ್ದು. ವಿಚಾರಣೆಯವರು "ಹೇಳಿದ್ರಾ?" ಎಂದು ಕೇಳಿದರು. ಹೆದರಿ ಹೂಂ ಅಂದೆ. ಆಮೇಲೆ ನೀವು ಬಾಗಿಲು ಮುರಿಯುವುದನ್ನು, ಊಟ ಬಿಡುವುದನ್ನು, ಆಸ್ಪತ್ರೆಗೆ ಹೊರಡುವುದನ್ನು ಕಣ್ಣಾರೆ ನೋಡುತ್ತಾ ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಸುಮ್ಮನಿದ್ದೆ. ಡ್ರೈವರಣ್ಣ ಕಿವಿಯ ಮಾತೆತ್ತಿದಾಗ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಹೇಳಿದ್ದರೆ ತಾತ ಬದುಕುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ ನೀವು ಮೇಲೆ ಹೋಗುತ್ತಿದ್ದಿರಿ, ಅದು ಗೊತ್ತು.

ನಾಳೆ ಸಾಹೇಬರಿಗೆ ಬರೆದುಕೊಡುತ್ತೇನೆ. ಡ್ರೈವರಣ್ಣನ ಮನೆಗೂ ಹೋಗುತ್ತೇನೆ. ಆ ತಾತನ ಮನೆಗೂ ಹೋಗಬೇಕು, ಅದಕ್ಕಿನ್ನೂ ಕಾಲು ಬರುತ್ತಿಲ್ಲ. ಎಲ್ಲರಿಗಿಂತ ಮೊದಲು ನಿಮಗೆ ತಿಳಿಯಲಿ ಎಂದು ಬರೆದೆ.

ಮುಂದಿನ ಭಾನುವಾರ ಭೇಟಿಯ ದಿನವಲ್ಲವೇ? ಅತ್ತೆಯನ್ನೂ ಗಂಟೆಯನ್ನೂ ಒಳಗೆ ಕಳಿಸಿ ನಾನು ಗೇಟಿನ ಹತ್ತಿರ ಬೆಂಚಿನ ಮೇಲೆ ಕೂತಿರುತ್ತೇನೆ. ನೀವು ಕರೆದರೆ ಬರುತ್ತೇನೆ.